ಲಂಚದ ಬಿಲ್ಲು ಮೊದಲು ಬರುವ ಮೇಜು

ಜರ್ಮನಿಯ ಸೀಮೆನ್ಸ್ ಕಂಪನಿಯಲ್ಲಿ ಒಂದು ಕಾಲಕ್ಕೆ ಲಂಚದ ನಗದಿಗೆಂದೇ ಕೌಂಟರುಗಳಿದ್ದವು. ಖಾಲಿ ಸೂಟ್‌ಕೇಸ್ ಹಿಡಿದು ಬಂದ ನೌಕರ ಹತ್ತು ಲಕ್ಷ ಯೂರೋವರೆಗೂ ತುಂಬಿಸಿಕೊಂಡು ಹೋಗಬಹುದಿತ್ತು. ಮಂಜೂರಾತಿಯ ಸಹಿಯನ್ನು ಕೆಲವು ಸಲ ಕಡತದ ಮೇಲೆ ಹಾಕದೆ, ಆಮೇಲೆ ಕಿತ್ತೆಸೆಯಬಹುದಾದ ಅಂಟುಚೀಟಿಯ ಮೇಲೆ ಹಾಕುತ್ತಿದ್ದರು. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 2008ರ ಡಿಸೆಂಬರಿನಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ನಾನಾ ದೇಶಗಳ ಅಧಿಕಾರಿಗಳಿಗೆ ಲಂಚವಾಗಿ ಹೋದ ಪಾವತಿಗಳು ಕನಿಷ್ಠ 4,283. ಮೊತ್ತ ಸುಮಾರು 140 ಕೋಟಿ ಡಾಲರ್. ಇಷ್ಟು ಕಾಗದ ಎಷ್ಟು ಗುಮಾಸ್ತರ, ಎಷ್ಟು ಲೆಕ್ಕಿಗರ ಕೈ ದಾಟಿರಬೇಕು! ಸುಮ್ಮನಿದ್ದವರನ್ನು ಪೂರ್ತಿ ದೂರುವಂತೆಯೂ ಇಲ್ಲ. ಹೊರದೇಶದಲ್ಲಿ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ಉಳಿಸಲು ಜರ್ಮನಿಯ ಕಾನೂನೇ 1999ರವರೆಗೂ ಬಿಟ್ಟಿತ್ತು.

ಇಂಥ ಲಂಚದಲ್ಲಿ ಕೊಡುವವನದು ಒಂದು ದೇಶ, ತೆಗೆದುಕೊಳ್ಳುವವನದು ಇನ್ನೊಂದು ದೇಶ, ಹಣ ಹಾಯುವ ಬ್ಯಾಂಕಿನದು ಮೂರನೆಯ ದೇಶ. ಪತ್ತೆ ಮಾಡುವವರನ್ನೂ ಗಡಿಗಳಾಚೆಗೆ ಒಟ್ಟಿಗೆ ಕೂರಿಸಿ ಕಲಿಸಬೇಕೆಂಬುದಕ್ಕೆ ಯಾರ ತಕರಾರೂ ಇಲ್ಲ. ಖರ್ಚು ಯಾರ ತಲೆಗೆ ಎಂದಾಗ ಮಾತು ನಿಲ್ಲುತ್ತದೆ. ಸೀಮೆನ್ಸ್ 2009ರಲ್ಲಿ ವಿಶ್ವಬ್ಯಾಂಕಿನ ಜೊತೆ ರಾಜಿಯಾಗಿ, ಭ್ರಷ್ಟಾಚಾರ ತಡೆಯುವ ಕೆಲಸಗಳಿಗೆ 15 ವರ್ಷಗಳಲ್ಲಿ 10 ಕೋಟಿ ಡಾಲರ್ ಕೊಡಲು ಒಪ್ಪಿತು. ತರಬೇತಿಗೂ ಅದರಲ್ಲಿ ಪಾಲು ಸಿಕ್ಕಿತು. ಆದರೆ ಹಣ ಯಾರಿಗೆ ಎಂದು ಆರಿಸುತ್ತಿದ್ದದ್ದು ಕಂಪನಿಯೇ. ಆ ಆಯ್ಕೆಯಲ್ಲಿ ಬೇಡವೆನ್ನುವ ಅಧಿಕಾರವಷ್ಟೇ ವಿಶ್ವಬ್ಯಾಂಕಿಗಿತ್ತು. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತಾಯಿತಲ್ಲ ಎಂದರೆ ಅದು ಅರ್ಧ ನಿಜ. ದುಡ್ಡು ಬರಬೇಕಾದದ್ದು ಅಲ್ಲಿಂದಲೇ, ಹಂಚುವ ಕೈ ಮಾತ್ರ ಬೇರೆಯಾಗಬೇಕಿತ್ತು.

ಬ್ರಿಟನ್ ಬೇರೆ ದಾರಿ ಹಿಡಿಯಿತು. ತನ್ನ ಕಂಪನಿಗಳು ಬಡ ದೇಶಗಳಲ್ಲಿ ಕೊಡುವ ಲಂಚದ ತನಿಖೆಗೆ ಪೊಲೀಸ್ ಘಟಕಗಳನ್ನು ಅಭಿವೃದ್ಧಿ ನೆರವಿನ ಹಣದಲ್ಲೇ ನಡೆಸಿತು. ಕೆಲಸ ಒಳ್ಳೆಯದೇ. ಆದರೆ ಬಡವರ ಶಾಲೆಗೆ, ಆಸ್ಪತ್ರೆಗೆ ಎಂದಿಟ್ಟ ಗಂಟನ್ನು ಶ್ರೀಮಂತ ಕಂಪನಿಗಳ ಹಿಂದೆ ಓಡುವುದಕ್ಕೆ ಏಕೆ ಬಿಚ್ಚಬೇಕು? ದಂಡದ ಹಣಕ್ಕೇನೂ ಬರವಿಲ್ಲ. 2020ರಲ್ಲಿ ವಿಮಾನ ತಯಾರಕ ಏರ್‌ಬಸ್ ಒಂದೇ ಲಂಚದ ಪ್ರಕರಣದಲ್ಲಿ ಸುಮಾರು 360 ಕೋಟಿ ಯೂರೋ ಕಟ್ಟಿತು. ಅದನ್ನು ಫ್ರಾನ್ಸ್, ಬ್ರಿಟನ್, ಅಮೆರಿಕ ಹಂಚಿಕೊಂಡವು. ಪ್ರಕರಣದಲ್ಲಿ ಹೆಸರು ಬಂದ ಶ್ರೀಲಂಕಾ, ಘಾನಾಗಳಿಗೆ ಆ ಒಪ್ಪಂದದಲ್ಲಿ ಪಾಲಿರಲಿಲ್ಲ. ನೂರಕ್ಕೆ ಒಂದರಂತೆ ತೆಗೆದಿಟ್ಟಿದ್ದರೂ ಆ ದೇಶಗಳ ತನಿಖಾಧಿಕಾರಿಗಳ ಕಲಿಕೆಗೆ 3.6 ಕೋಟಿ ಯೂರೋ ಸಿಗುತ್ತಿತ್ತು.

ಇನ್ನು, ಕಲಿಸುವುದು ಯಾರಿಗೆ? ಈಗ ಕಲಿಯುತ್ತಿರುವವರು ಬಹುಪಾಲು ಪೊಲೀಸರು, ಪ್ರಾಸಿಕ್ಯೂಟರುಗಳು, ತೆರಿಗೆ ಅಧಿಕಾರಿಗಳು. ರೋಮ್ ಸಮೀಪದ ಓಸ್ಟಿಯಾದಲ್ಲಿ, ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿಯ ತೆರಿಗೆ ಅಪರಾಧ ಅಕಾಡೆಮಿ ಇದೆ. ದಕ್ಷಿಣ ಏಷ್ಯಾಕ್ಕೂ ಅಂಥದೊಂದನ್ನು ಭಾರತದಲ್ಲಿ ಪ್ರಾಯೋಗಿಕವಾಗಿ ಶುರುಮಾಡಿದ್ದು 2023ರ ದೆಹಲಿ ಜಿ20 ಘೋಷಣೆಯಲ್ಲಿ ದಾಖಲಾಗಿದೆ. ಈ ಅಧಿಕಾರಿಗಳು ಬೇಕು, ನಿಜ. ಆದರೆ ಒಇಸಿಡಿಯೇ 2014ರಲ್ಲಿ 427 ಪ್ರಕರಣಗಳನ್ನು ಜಾಲಾಡಿದಾಗ ಕಂಡಂತೆ, ನಾಲ್ಕರಲ್ಲಿ ಮೂರರಲ್ಲಿ ಲಂಚ ಹೋದದ್ದು ಏಜೆಂಟನಂಥ ಮಧ್ಯವರ್ತಿಯ ಕೈಯಿಂದ; ಸುಮಾರು ಮೂರನೇ ಒಂದು ಭಾಗ ಬಯಲಾದದ್ದು ಕಂಪನಿಯೇ ಬಂದು ಹೇಳಿದ್ದರಿಂದ. ಕಂಪನಿಗೂ ಅದು ಗೊತ್ತಾದದ್ದು ಹೆಚ್ಚಾಗಿ ಒಳಗಿನ ಆಡಿಟ್‌ನಲ್ಲಿ, ಇಲ್ಲವೇ ಇನ್ನೊಂದು ಕಂಪನಿಯನ್ನು ಕೊಳ್ಳುವ ಮುಂಚಿನ ತಪಾಸಣೆಯಲ್ಲಿ. ಅಂದರೆ ಪೊಲೀಸರು ಬರುವುದಕ್ಕೆ ಎಷ್ಟೋ ಮೊದಲೇ ಲಂಚ ಒಂದು ಬಿಲ್ಲಾಗಿ ಯಾರದೋ ಮೇಜಿಗೆ ಬಂದಿರುತ್ತದೆ.

ಆ ಮೇಜು ಇವತ್ತು ಬೆಂಗಳೂರಿನ ವೈಟ್‌ಫೀಲ್ಡಿನಲ್ಲೋ ಹೊರವರ್ತುಲ ರಸ್ತೆಯಲ್ಲೋ ಇರುವ ಸಾಧ್ಯತೆ ಕಡಿಮೆಯೇನಲ್ಲ. ಯೂರೋಪು, ಅಮೆರಿಕಗಳ ಎಷ್ಟೋ ಕಂಪನಿಗಳ ಬಿಲ್ಲು ಪಾಸಾಗುವುದು ಇಲ್ಲಿನ ಅಕೌಂಟ್ಸ್ ಪೇಯಬಲ್ ವಿಭಾಗಗಳಲ್ಲಿ. ಬಿಕಾಂ ಮುಗಿಸಿ ಬಂದ ಹುಡುಗಿಯ ಪರದೆಯ ಮೇಲೆ ಒಂದು ಇನ್‌ವಾಯ್ಸ್ ಎಂದುಕೊಳ್ಳಿ: ‘ಮಾರುಕಟ್ಟೆ ಸಲಹಾ ಶುಲ್ಕ’, ಚಿಲ್ಲರೆಯಿಲ್ಲದ ಮೊತ್ತ. ಸಲಹೆಗಾರ ಒಂದು ದೇಶದವನು, ಖಾತೆ ಇನ್ನೊಂದರಲ್ಲಿ. ಟೆಂಡರ್ ಕೈಗೆ ಬಂದ ಮೇಲೆ ಅವನ ಕರಾರಿಗೆ ಸಹಿ ಬಿದ್ದಿದೆ, ಮಾಡಿದ ಕೆಲಸದ ವರದಿಯೇ ಇಲ್ಲ. ಪರ್ಚೇಸ್ ಆರ್ಡರ್ ನಂಬರ್ ತಾಳೆಯಾದರೆ ಪಾಸು ಮಾಡು ಎಂದಷ್ಟೇ ಅವಳಿಗೆ ಹೇಳಿಕೊಟ್ಟಿದ್ದಾರೆ. ಚೆನ್ನೈಯಲ್ಲಿ ಕಟ್ಟಡದ ಪರವಾನಗಿಗಾಗಿ ಗುತ್ತಿಗೆದಾರನ ಮೂಲಕ ಲಂಚ ಕೊಡಿಸಿದ ಆರೋಪದಲ್ಲಿ ಐಟಿ ಕಂಪನಿ ಕಾಗ್ನಿಜೆಂಟ್ 2019ರಲ್ಲಿ ಎಸ್‌ಇಸಿಗೆ ಸುಮಾರು 2.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಅಲ್ಲೂ ಗುತ್ತಿಗೆದಾರನಿಗೆ ಆ ಹಣ ತುಂಬಿಕೊಟ್ಟದ್ದು ಹೆಚ್ಚುವರಿ ಕಾಮಗಾರಿಯ ಸುಳ್ಳು ಲೆಕ್ಕದಲ್ಲಿ ಎಂಬುದು ಎಸ್‌ಇಸಿಯ ದೂರು. ಇಂಥ ಬಿಲ್ಲನ್ನು ಗುರುತಿಸಲು ಮಹಾ ವಿದ್ಯೆಯೇನೂ ಬೇಡ. ಹಳೆಯ ಪ್ರಕರಣಗಳ ನಿಜವಾದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಎರಡು ದಿನ ಕೂತರೆ ಕಣ್ಣು ಪಳಗುತ್ತದೆ.

ಕಣ್ಣು ಪಳಗಿದರೂ ಬಾಯಿ ಬಿಡುವುದು ಯಾರ ಮುಂದೆ? ಕಂಪನಿಯ ಸಹಾಯವಾಣಿಯಲ್ಲಿ ಹೇಳಿದರೆ ಅದು ಮೇಲಿನವರ ಕಿವಿಗೇ ಬೀಳಬಹುದು. ಇನ್ನು ಸರ್ಕಾರ. ಭಾರತ 2011ರಲ್ಲಿ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯನ್ನು ಅನುಮೋದಿಸಿತು. ವಿದೇಶಿ ಅಧಿಕಾರಿಗೆ ಲಂಚ ಕೊಡುವುದನ್ನು ಅಪರಾಧವಾಗಿಸುವ ಮಸೂದೆಯೂ ಅದೇ ವರ್ಷ ಲೋಕಸಭೆಗೆ ಬಂತು. 2014ರಲ್ಲಿ ಸದನದ ಅವಧಿಯೊಂದಿಗೆ ಬಿದ್ದುಹೋಯಿತು. ಮಾಹಿತಿದಾರರ ರಕ್ಷಣೆಗೆಂದು 2014ರಲ್ಲಿ ಆದ ಕಾಯ್ದೆ ಜಾರಿಗೇ ಬಂದಿಲ್ಲ. ಬಂದರೂ ಖಾಸಗಿ ಕಂಪನಿಯ ಗುಮಾಸ್ತೆಗೆ ಅದರಿಂದ ಆಸರೆ ಸಿಗುವುದಿಲ್ಲ. ಆದಾಯ ತೆರಿಗೆ ಕಾನೂನು ಮಾತ್ರ 2022ರ ತಿದ್ದುಪಡಿಯಿಂದ ಗಟ್ಟಿಯಾಗಿದೆ: ಹೊರದೇಶದ ಕಾನೂನಿನಂತೆ ಅಪರಾಧವಾದದ್ದಕ್ಕೆ ಮಾಡಿದ ಖರ್ಚನ್ನೂ ಲಾಭದಲ್ಲಿ ಕಳೆಯುವಂತಿಲ್ಲ.

ಅಮೆರಿಕದ ಎಸ್‌ಇಸಿ ಯಾವ ದೇಶದವರ ಮಾಹಿತಿಯನ್ನಾದರೂ ತೆಗೆದುಕೊಳ್ಳುತ್ತದೆ, ದೊಡ್ಡ ದಂಡ ವಸೂಲಾದರೆ ಅದರಲ್ಲಿ ಶೇ 10ರಿಂದ 30ರಷ್ಟು ಬಹುಮಾನವನ್ನೂ ಕೊಡುತ್ತದೆ. ಹಾಗಂತ ಅದನ್ನೇ ನೆಚ್ಚಿ ಕೂರುವಂತಿಲ್ಲ. ವಿದೇಶಿ ಲಂಚದ ಅಲ್ಲಿನ ಕಾನೂನಿನಡಿ ಹೊಸ ತನಿಖೆಗಳನ್ನು 180 ದಿನ ತಡೆಹಿಡಿಯಲು 2025ರ ಫೆಬ್ರುವರಿಯಲ್ಲಿ ಟ್ರಂಪ್ ಒಂದೇ ಸಹಿಯಲ್ಲಿ ಆದೇಶಿಸಿದರು. ಆದ್ದರಿಂದ ಭಾರತದಲ್ಲಿ ತರಬೇತಿಗೆ ಹಣ ಸುರಿಯುವ ಯಾರೇ ಆಗಲಿ, ಮೊದಲ ಕಂತು ಬಿಡುಗಡೆ ಮಾಡುವ ಮುನ್ನ ಹಾಕಬೇಕಾದ ಷರತ್ತುಗಳು ಎರಡು: ವಿದೇಶಿ ಲಂಚದ ಆ ಮಸೂದೆ ಮತ್ತೆ ಸಂಸತ್ತಿಗೆ ಬರಬೇಕು, ಬೆಂಗಳೂರಿನ ಆ ಹುಡುಗಿ ಕೆಲಸ ಕಳೆದುಕೊಳ್ಳದೆ ದೂರು ಕೊಡಬಹುದಾದ ಒಂದು ಕಚೇರಿ ಇಲ್ಲೇ ಇರಬೇಕು.