ಗೆದ್ದರೆ ದೇಶದ ಮಗ, ಸೋತರೆ ಆಟೋದವನ ಮಗ!



ಎರಡನೆಯ ಪಾಳಿ ಬಿಟ್ಟ ಮೇಲೆ ಗಿರಣಿ ಗೇಟಿನ ಎದುರಿನ ಚಹದಂಗಡಿಯಲ್ಲಿ ಅರ್ಧ ತಾಸು ಕೂತು ನೋಡಿ. ಬೆಂಚಿನ ಮೇಲೆ ಹತ್ತು ಮಂದಿ, ನಡುವೆ ಒಂದು ಮೊಬೈಲು. ನಾಯಕ ಟಾಸು ಗೆದ್ದು ಮೊದಲು ಬೌಲಿಂಗ್ ಏಕೆ ಆರಿಸಿಕೊಂಡ? ಎಡಗೈ ದಾಂಡಿಗರು ನಾಲ್ವರಿರುವಾಗ ಆಫ್ ಸ್ಪಿನ್ನರನನ್ನು ಹೊರಗೆ ಕೂರಿಸಿದ್ದು ಯಾವ ಬುದ್ಧಿ? ಆಯ್ಕೆ ಸಮಿತಿಯವರು ಮುಖ ನೋಡಿ ಮಣೆ ಹಾಕಿದರೋ, ಆಟ ನೋಡಿ ಹಾಕಿದರೋ? ಪ್ರಶ್ನೆಗಳ ಮೇಲೆ ಪ್ರಶ್ನೆ. ಚಹ ಆರಿಹೋದರೂ ವಾದ ಆರುವುದಿಲ್ಲ.

ಈ ವಾದಗಳನ್ನು ಕೇಳಿ ಮೂಗು ಮುರಿಯುವವರು ನಮ್ಮ ಪಕ್ಷದಲ್ಲೇ ಇದ್ದಾರೆ. ಕ್ರಿಕೆಟ್ಟು ಇಂಗ್ಲಿಷರು ಬಿಟ್ಟುಹೋದ ಎಂಜಲು, ದುಡಿಯುವವನಿಗೆ ಅದೊಂದು ಗಾಂಜಾ ಎಂದು ಹೇಳಿ ಅವರು ಕೈತೊಳೆದುಕೊಳ್ಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. 1960ರಲ್ಲಿ ಪಾಕಿಸ್ತಾನದ ತಂಡ ನಮ್ಮ ದೇಶಕ್ಕೆ ಬಂದಿದ್ದಾಗಿನ ಕಥೆಯೊಂದಿದೆ. ಡಾ. ರಾಮಮನೋಹರ ಲೋಹಿಯಾ ಅವರು ಪತ್ರಕರ್ತರೆದುರು ಕ್ರಿಕೆಟ್ಟನ್ನು ಚೆನ್ನಾಗಿ ಜಾಡಿಸಿ, ಹೊರಗೆ ಬಂದು, ಬೀಡಾ ಅಂಗಡಿಯವನನ್ನು ಕೇಳಿದರಂತೆ: ಹನೀಫ್ ಔಟಾದನೇ? ಲೋಹಿಯಾ ಅವರಿಗೇ ತಡೆಯಲಾಗದ ಕುತೂಹಲವನ್ನು ಎಂಟು ಗಂಟೆ ನೂಲಿನ ಧೂಳು ಕುಡಿದ ಮನುಷ್ಯನಿಗೆ ನಿಷೇಧಿಸಲು ನಾವು ಯಾರು?

ಅಷ್ಟೇ ಅಲ್ಲ, ಈ ಹರಟೆಯಲ್ಲಿ ವಿದ್ಯೆಯಿದೆ. ನಾನು ಮೇಷ್ಟ್ರಾಗಿದ್ದ ದಿನಗಳಲ್ಲಿ ಸರಾಸರಿಯ ಲೆಕ್ಕ ಯಾವ ಪುಸ್ತಕದಿಂದಲೂ ತಲೆಗೆ ಹೋಗದ ಹುಡುಗರಿಗೆ ದಾಂಡಿಗರ ರನ್ನಿನಿಂದ ಒಂದೇ ದಿನದಲ್ಲಿ ಹೋಗುತ್ತಿತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟವನು ಕೂಡ ಉಳಿದ ಓವರು, ಬೇಕಾದ ರನ್ನು, ಓವರಿಗೆ ಎಷ್ಟು ಎಂಬುದನ್ನು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತಾನೆ. ಲೆಕ್ಕ ಕೇಳುವುದು, ಹೊಣೆ ಯಾರದೆಂದು ಪಟ್ಟು ಹಿಡಿಯುವುದು, ದೊಡ್ಡವರ ತೀರ್ಮಾನವನ್ನು ಪ್ರಶ್ನಿಸುವುದು, ಇವು ಪ್ರಜೆಯ ಗುಣಗಳು. ಚಹದಂಗಡಿಯಲ್ಲಿ ನಮ್ಮ ಜನ ಪ್ರಜೆಗಳಾಗಿಯೇ ಕೂತಿರುತ್ತಾರೆ.

ನನ್ನ ಜಗಳ ಇರುವುದು ಆ ಲೆಕ್ಕ ಎಲ್ಲಿ ನಿಂತುಹೋಗುತ್ತದೆ ಎಂಬುದರ ಬಗ್ಗೆ.

ಒಂದು ಲೆಕ್ಕ ಕೊಡುತ್ತೇನೆ, ಮಾಡಿ. ನಮ್ಮ ಕ್ರಿಕೆಟ್ ಮಂಡಳಿಯು ತನ್ನ ಐ.ಪಿ.ಎಲ್. ಪಂದ್ಯಗಳನ್ನು 2023ರಿಂದ 2027ರವರೆಗೆ ಟೆಲಿವಿಷನ್ನು, ಮೊಬೈಲುಗಳಲ್ಲಿ ತೋರಿಸುವ ಹಕ್ಕನ್ನು 48,390 ಕೋಟಿ ರೂಪಾಯಿಗಳಿಗೆ ಮಾರಿತು. ಪಂದ್ಯಗಳ ಸಂಖ್ಯೆ 410 ಎಂದು ಹಿಡಿದು ಭಾಗಿಸಿದರೆ ಪಂದ್ಯವೊಂದಕ್ಕೆ 118 ಕೋಟಿ. ಪಂದ್ಯಕ್ಕೆ 240 ಎಸೆತ. ಎಸೆತವೊಂದಕ್ಕೆ ಸುಮಾರು 49 ಲಕ್ಷ! ತಿಂಗಳಿಗೆ 15,000 ರೂ. ಎಣಿಸುವ ಕಾರ್ಮಿಕ ಆ ಒಂದು ಎಸೆತದ ಬೆಲೆಯನ್ನು ದುಡಿಯಲು 27 ವರ್ಷ ಬೇಕು, ಅದೂ ಉಣ್ಣದೆ, ಉಡದೆ. ಆ ಹಣ ಆಕಾಶದಿಂದ ಬೀಳಲಿಲ್ಲ. ಜಾಹೀರಾತಿನವನು ಕೊಟ್ಟ, ಅದನ್ನು ಸೋಪು, ಬಿಸ್ಕತ್ತು, ಸಿಮೆಂಟಿನ ಬೆಲೆಗೆ ಸೇರಿಸಿದ, ಅದನ್ನು ಕೊಂಡವರು ನಾವು. ನೋಡುವ ನಮ್ಮ ಕಣ್ಣನ್ನೇ ಎಣಿಸಿ ಮಾರಿದ್ದಾರೆ. ಬೆಂಚಿನ ಮೇಲೆ ಕೂತ ಹತ್ತು ಮಂದಿಯಲ್ಲಿ ಒಬ್ಬನಾದರೂ ಈ ಮಂಡಳಿಯ ಖಜಾನೆಯ ಲೆಕ್ಕ ಕೇಳಿದ್ದುಂಟೇ?

ಅದಂತಿರಲಿ. ಭವಿಷ್ಯನಿಧಿಯ ಪಿಂಚಣಿಗೆ 2014ರಲ್ಲಿ ತಿಂಗಳಿಗೆ 1,000 ರೂಪಾಯಿಯ ಕನಿಷ್ಠ ಮಿತಿ ಗೊತ್ತುಮಾಡಿದರು. ನಾಯಕನ ಸರಾಸರಿಯನ್ನು ಬಾಯಿಪಾಠ ಹೇಳುವ ಎಷ್ಟು ಮಂದಿಗೆ ತಮ್ಮ ಖಾತೆಗೆ ಧಣಿ ಹೋದ ತಿಂಗಳು ಕಟ್ಟಿದ ಹಣವೆಷ್ಟೆಂದು ಗೊತ್ತು?

ಇನ್ನೂ ಕೆಟ್ಟದ್ದೆಂದರೆ ತಂಡ ಸೋತ ರಾತ್ರಿ ನಮ್ಮ ಸಿಟ್ಟು ಹೋಗಿ ಬೀಳುವ ಜಾಗ. ಹೈದರಾಬಾದಿನ ಮೊಹಮ್ಮದ್ ಸಿರಾಜನನ್ನು ನೋಡಿ. ತಂದೆ ಆಟೋ ಓಡಿಸಿ ಮಗನನ್ನು ಬೆಳೆಸಿದವರು. 2019ರಲ್ಲಿ ಬೆಂಗಳೂರಿನ ತಂಡಕ್ಕೆ ಆಡುತ್ತಿದ್ದಾಗ ಅವನ ಎಸೆತ ಕೈಕೊಟ್ಟಿತು. ಆಗ ಜನ ಏನೆಂದರು? ಕ್ರಿಕೆಟ್ ಬಿಡು, ಹೋಗಿ ಅಪ್ಪನ ಜೊತೆ ಆಟೋ ಓಡಿಸು ಎಂದರು. ಇದನ್ನು ಮುಂದೆ ಸಿರಾಜನೇ ಹೇಳಿಕೊಂಡಿದ್ದಾನೆ. ಬಂಧುಗಳೇ, ಈ ಮಾತನ್ನು ಬಂಗಲೆಯಲ್ಲಿ ಕೂತವರಷ್ಟೇ ಆಡಲಿಲ್ಲ. ಆಟೋ ಓಡಿಸುವವರ ಮಕ್ಕಳು, ಮಗ್ಗದವರ ಮಕ್ಕಳು, ಗಿರಣಿಯವರ ಮಕ್ಕಳು ನಕ್ಕುಕೊಂಡು ಮೊಬೈಲಿನಿಂದ ಮೊಬೈಲಿಗೆ ಸಾಗಿಸಿದರು. ಆಟೋ ಓಡಿಸುವುದು ಬೈಗುಳವಾದದ್ದು ಯಾವಾಗಿನಿಂದ? ನಮ್ಮ ಕಸುಬನ್ನು ನಾವೇ ಬೈಗುಳ ಮಾಡಿಕೊಂಡರೆ ಧಣಿಗೆ ಬೇರೆ ಚಾಟಿ ಏಕೆ ಬೇಕು?

2020ರ ನವೆಂಬರಿನಲ್ಲಿ ಸಿರಾಜ್ ಆಸ್ಟ್ರೇಲಿಯಾದಲ್ಲಿದ್ದಾಗ ಆ ತಂದೆ ತೀರಿಕೊಂಡರು. ಮಗ ಮಣ್ಣಿಗೂ ಬರಲಿಲ್ಲ, ಅಲ್ಲೇ ಉಳಿದ. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಪ್ರೇಕ್ಷಕರಿಂದ ಹೀನ ಮಾತು ಕೇಳಿಸಿಕೊಂಡ, ಆ ಬಳಿಕ ಬ್ರಿಸ್ಬೇನಿನಲ್ಲಿ ಒಂದೇ ಸರದಿಯಲ್ಲಿ ಐದು ವಿಕೆಟ್ ತೆಗೆದ. 2025ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಐದೂ ಟೆಸ್ಟುಗಳಲ್ಲಿ ಆಡಿ 185 ಓವರು ಮೂರು ಎಸೆತ ಹಾಕಿದ. ಅಂದರೆ 1,113 ಸಲ ಓಡಿಬಂದು ಎಸೆದ. ಕೊನೆಯ ದಿನ, ಆಗಸ್ಟ್ 4ರಂದು, ಓವಲ್ ಮೈದಾನದಲ್ಲಿ ಕೇವಲ 6 ರನ್ನಿನಿಂದ ಭಾರತ ಗೆದ್ದಾಗ ಕೊನೆಯ ವಿಕೆಟ್ಟು ಅವನದೇ. ಅಂದು ಅವನು ದೇಶದ ಮಗ! ಪಾಳಿಯ ಮೇಲೆ ಪಾಳಿ ಮಾಡಿದವನಿಗೆ ಆ 1,113 ಎಸೆತಗಳ ಬೆಲೆ ಗೊತ್ತಾಗದಿದ್ದರೆ ಬೇರೆ ಯಾರಿಗೆ ಗೊತ್ತಾಗಬೇಕು?

ದೂರದ ಮಾತೇಕೆ? ದಾವಣಗೆರೆಯ ಆರ್. ವಿನಯಕುಮಾರ್ 2013ರ ನವೆಂಬರ್ 2ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯಾದ ಎದುರು 9 ಓವರಿಗೆ 102 ರನ್ ಕೊಟ್ಟರು. ಆ ಪಂದ್ಯವನ್ನು ಭಾರತ ಗೆದ್ದಿತ್ತು, ಆದರೂ ಗೇಲಿ ನಿಲ್ಲಲಿಲ್ಲ. ಅದೇ ಋತುವಿನಲ್ಲಿ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕರೂ ಅವರೇ, ಮರುವರ್ಷ ಗೆದ್ದುಕೊಟ್ಟವರೂ ಅವರೇ. ಗೇಲಿ ಮಾಡಿದ ಎಷ್ಟು ಮಂದಿ ಕನ್ನಡಿಗರು ಅದನ್ನು ನೆನೆದರು?

ಇದು ಹಳೆಯ ರೋಗ. 1971ರಲ್ಲಿ ವೆಸ್ಟ್ ಇಂಡೀಸ್, ಇಂಗ್ಲೆಂಡ್ ಎರಡನ್ನೂ ಅವರವರ ನೆಲದಲ್ಲೇ ಸೋಲಿಸಿ ಬಂದ ಅಜಿತ್ ವಾಡೇಕರರನ್ನು ಹೊತ್ತು ಮೆರೆಸಿದರು. 1974ರಲ್ಲಿ ಲಾರ್ಡ್ಸಿನಲ್ಲಿ 42ಕ್ಕೆ ತಂಡ ಉರುಳಿದಾಗ ಅವರ ಮನೆಗೇ ಕಲ್ಲು ಬಿತ್ತು. ಇಂದೋರಿನಲ್ಲಿ ಗೆಲುವಿನ ನೆನಪಿಗೆ ನಿಲ್ಲಿಸಿದ್ದ ಕಾಂಕ್ರೀಟಿನ ದಾಂಡನ್ನೂ ವಿರೂಪ ಮಾಡಿದರು. 2007ರಲ್ಲಿ ಬಾಂಗ್ಲಾದೇಶಕ್ಕೆ ಸೋತಾಗ ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಯ ಮೇಲೆ ದಾಳಿ. ಕಲ್ಲು ಯಾವಾಗಲೂ ಆಡಿದವನ ಮನೆಗೇ. ಆಡಿಸಿದವರ ಬಾಗಿಲಿಗೆ ಒಂದು ಅರ್ಜಿ ಕೂಡ ಹೋದದ್ದಿಲ್ಲ.

ಆಡಿಸಿದವರು ಎಂಥವರಿದ್ದರು? ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ದಲಿತ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಮೈದಾನ ಗುಡಿಸಿ, ರೋಲರ್ ಎಳೆದು, ಬೌಲಿಂಗ್ ಕಲಿತವರು. ಹಿಂದೂ ತಂಡ ಅವರ ಬೌಲಿಂಗಿನಿಂದ ಗೆಲ್ಲುತ್ತಿತ್ತು. ಆದರೆ ಚಹದ ಹೊತ್ತಿಗೆ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಲೋಟ! 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದವರಿಗೆ ಹಿಂದೂ ತಂಡದ ನಾಯಕತ್ವ ಕಡೆಗೂ ಸಿಗಲಿಲ್ಲ. ಅವರ ತಮ್ಮ ವಿಠ್ಠಲನಿಗೆ ಅದು ಸಿಕ್ಕಿದ್ದು 1923ರಲ್ಲಿ. ಇತ್ತ ಮೂರು ಟೆಸ್ಟುಗಳಲ್ಲಿ ಒಟ್ಟು 33 ರನ್ ಹೊಡೆದ ವಿಜಯನಗರಂ ರಾಜಕುಮಾರ 1936ರಲ್ಲಿ ಭಾರತದ ನಾಯಕ! ಒಳ್ಳೆಯ ಆಟಗಾರ ಲಾಲಾ ಅಮರನಾಥ್ ಆ ಪ್ರವಾಸದ ನಡುವೆಯೇ ಮನೆಗೆ. 1983ರಲ್ಲಿ ಕಪಿಲ್ ದೇವ್ ತಂಡ ವಿಶ್ವಕಪ್ ತಂದಾಗ ಬಹುಮಾನ ಕೊಡಲು ಮಂಡಳಿಯ ಬಳಿ ಹಣವಿಲ್ಲದೆ ಲತಾ ಮಂಗೇಶ್ಕರರು ಹಾಡಿ ಹಣ ಕೂಡಿಸಬೇಕಾಯಿತು. ಅಂದು ಹಣವಿರಲಿಲ್ಲ, ಇಂದು ಹಣ ಹೊಳೆಯಾಗಿದೆ. ಎರಡು ಕಾಲದಲ್ಲೂ ಬೀಗದ ಕೈ ಮಾತ್ರ ನಮ್ಮ ಬಳಿ ಇಲ್ಲ.

ಈಗ ಮನಸ್ಸಿಗೆ ನೋವಾಗುವ ಮಾತು. ಪಾಕಿಸ್ತಾನದ ಜೊತೆ ಪಂದ್ಯವಿದ್ದ ಒಂದು ದಿನ ನಮ್ಮ ಊರಿನಲ್ಲೇ, ನನ್ನ ಕಣ್ಣೆದುರಿಗೇ, ಸೈಕಲ್ ರಿಪೇರಿ ಮಾಡುವ ಒಬ್ಬ ಮುಸಲ್ಮಾನ ಬಂಧುವಿನ ಅಂಗಡಿಯ ಮುಂದೆ ನಾಲ್ಕು ಹುಡುಗರು ನಿಂತು, ಇವತ್ತು ಯಾರ ಕಡೆ ಸಾಬರೇ ಎಂದು ಕೇಳಿದರು. ಅವರ ಕೈ ಗ್ರೀಸಿನಲ್ಲಿತ್ತು. ಇಪ್ಪತ್ತು ವರ್ಷ ಈ ಹುಡುಗರ ಅಪ್ಪಂದಿರ ಸೈಕಲ್ಲಿಗೆ ಪಂಕ್ಚರ್ ಹಾಕಿದ ಕೈ ಅದು. ಅವರು ನಕ್ಕು ಸುಮ್ಮನಾದರು. ಆ ನಗೆ ನನಗೆ ಈಗಲೂ ಚುಚ್ಚುತ್ತದೆ. ನಾನೂ ಅಂದು ತಕ್ಷಣ ಬಾಯಿ ಬಿಡಲಿಲ್ಲ ಎಂಬುದು ಇನ್ನೂ ಹೆಚ್ಚು ಚುಚ್ಚುತ್ತದೆ. 2021ರ ಅಕ್ಟೋಬರಿನಲ್ಲಿ ದುಬೈನಲ್ಲಿ ತಂಡ ಹತ್ತು ವಿಕೆಟ್ಟುಗಳಿಂದ ಸೋತಿತು. ಹನ್ನೊಂದು ಮಂದಿಯೂ ಸೋತಿದ್ದರು. ಆದರೆ ಮೊಹಮ್ಮದ್ ಶಮಿಯೊಬ್ಬನನ್ನೇ ಹೆಕ್ಕಿ ದ್ರೋಹಿಯೆಂದರು. ನಾಯಕ ವಿರಾಟ್ ಕೊಹ್ಲಿ ಅದನ್ನು ಬಹಿರಂಗವಾಗಿ ಖಂಡಿಸಿದ್ದು ಆತನಿಗೆ ಶೋಭೆ ತಂದಿತು. 1999ರ ಜನವರಿಯಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ 12 ರನ್ನಿನಿಂದ ಭಾರತ ಸೋತಾಗ, ಗೆದ್ದ ಪಾಕಿಸ್ತಾನದವರಿಗೆ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅವರೇನು ದೇಶಭಕ್ತರಲ್ಲವೇ? ಆಟ ಗೊತ್ತಿದ್ದ ದೇಶಭಕ್ತರು ಅವರು. ನೆರೆಯವನನ್ನು ನಿಂದಿಸಿ ದೇಶ ಕಟ್ಟುವ ಈ ಹೊಸ ಪರೀಕ್ಷೆಯಿಂದ ಲಾಭ ಯಾರಿಗೆ? ಒಂದೇ ಗಿರಣಿಯಲ್ಲಿ ಒಂದೇ ಸಂಘಕ್ಕೆ ಚಂದಾ ಕೊಡುವ ಇಬ್ಬರು ಮುಖ ತಿರುಗಿಸಿಕೊಂಡರೆ ಬೋನಸ್ಸಿನ ಮಾತುಕತೆಯ ದಿನ ನಗುವವರು ಯಾರು?

ಇನ್ನು ಜೂಜು. ಭಾರತ ತಂಡದ ಅಂಗಿಯ ಎದೆಯ ಮೇಲೆ 2023ರಿಂದ ಇದ್ದುದು ಹಣ ಹೂಡಿ ಆಡಿಸುವ ಕಂಪನಿಯೊಂದರ ಹೆಸರು. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಅಂಥ ಆಟಗಳನ್ನು ಕಾನೂನಿನಿಂದ ನಿಷೇಧಿಸಿದ ಮೇಲೆ ಅದು ಹೋಯಿತು. ಅಲ್ಲಿಯವರೆಗೆ ಎಷ್ಟು ಮನೆ ಹಾಳಾಯಿತೋ! ನನಗೆ ತಿಳಿದ ಸ್ಪಿನ್ನಿಂಗ್ ವಿಭಾಗದ ಒಬ್ಬ ಹುಡುಗ ದೀಪಾವಳಿ ಬೋನಸ್ಸನ್ನು ಒಂದೇ ವಾರದಲ್ಲಿ ಮೊಬೈಲಿಗೆ ಸುರಿದು, ಬೈಕು ಫೈನಾನ್ಸಿನವರ ಪಾಲಾಗಿ, ಈಗ ಆರು ಮೈಲು ನಡೆದು ಪಾಳಿಗೆ ಬರುತ್ತಾನೆ. ಕಿರಾಣಿ ಅಂಗಡಿಯ ಮಿತ್ರರೊಬ್ಬರು ಸಗಟು ವ್ಯಾಪಾರಿಗೆ ಕಟ್ಟಬೇಕಾದ ಹಣವನ್ನು ಬುಕ್ಕಿಗೆ ಕಟ್ಟಿದರು. ಕಾನೂನು ಬಂದಿದೆ, ಬುಕ್ಕಿ ಹೋಗಿಲ್ಲ. ಅವನನ್ನು ಓಡಿಸುವುದು ಕಾನೂನಿನ ಕೈಲಿ ಅರ್ಧ, ನಮ್ಮ ಕೈಲಿ ಅರ್ಧ.

ಕೊನೆಗೆ 2025ರ ಜೂನ್ 4. ಬೆಂಗಳೂರಿನ ತಂಡ ಐ.ಪಿ.ಎಲ್. ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಕಾಲ್ತುಳಿತಕ್ಕೆ 11 ಮಂದಿ ಸತ್ತರು. ಹೆಚ್ಚಿನವರು ಮೀಸೆ ಮೂಡುವ ವಯಸ್ಸಿನವರು, ಓದುವ ಹುಡುಗಿಯರು. ತಂಡದವರೂ ಸಂಸ್ಥೆಯವರೂ ಸರ್ಕಾರದವರೂ ಒಬ್ಬರತ್ತ ಒಬ್ಬರು ಬೆರಳು ತೋರಿಸಿದರು. ಒಂದು ಕ್ಯಾಚ್ ಬಿಟ್ಟವನನ್ನು ಹತ್ತು ವರ್ಷ ಕ್ಷಮಿಸದ ನಾವು, ಹನ್ನೊಂದು ಜೀವ ಕೈಬಿಟ್ಟವರನ್ನು ಎಷ್ಟು ದಿನ ನೆನಪಿಟ್ಟೆವು?

ಆದ್ದರಿಂದ ನಾನು ಕೇಳುವುದು ನಾಲ್ಕೇ ಮಾತು. ಒಂದು, ಪಂದ್ಯ ನೋಡಿ, ವಾದಿಸಿ, ಆದರೆ ಆಡಿದವನ ಜಾತಿ, ಮತ, ಅಪ್ಪನ ಕಸುಬು ನಿಮ್ಮ ಬಾಯಿಗೆ ಬರಬಾರದು. ಬೇರೆಯವನ ಬಾಯಿಗೆ ಬಂದರೆ ನನ್ನಂತೆ ಸುಮ್ಮನಿರದೆ ಅಲ್ಲೇ ತಡೆಯಿರಿ. ಎರಡು, ಪಂದ್ಯದ ಮೇಲೆ ಒಂದು ಕಾಸೂ ಕಟ್ಟಬೇಡಿ. ಕಟ್ಟಿಸಿಕೊಳ್ಳುವವನಿಗೆ ಅಂಗಡಿಯ ಬೆಂಚಿನಲ್ಲಿ ಜಾಗ ಕೊಡಬೇಡಿ. ಮೂರು, ಜನರ ಕಣ್ಣಿನಿಂದ ಹಣ ಮಾಡುವ ಮಂಡಳಿ ಜನರಿಗೆ ಲೆಕ್ಕ ಒಪ್ಪಿಸಬೇಕು, ಆ ಹಣದಲ್ಲಿ ಪ್ರತಿ ತಾಲ್ಲೂಕಿಗೆ ಒಂದು ಮೈದಾನವಾಗಬೇಕು ಎಂದು ನಮ್ಮ ಶಾಸಕರನ್ನೂ ಸಂಸದರನ್ನೂ ಬಿಡದೆ ಕೇಳಿ. ನಾಲ್ಕು, ತಂಡದ ಅಂಕಪಟ್ಟಿ ಓದುವ ಅದೇ ಕಣ್ಣಿನಿಂದ ನಿಮ್ಮ ಸಂಬಳದ ಚೀಟಿ ಓದಿ.

ಮುಂದಿನ ಭಾನುವಾರ ಸಂಜೆ ಸಂಘದ ಕಚೇರಿಯಲ್ಲಿ ಭವಿಷ್ಯನಿಧಿಯ ಖಾತೆ ನೋಡುವುದು ಹೇಗೆಂದು ತೋರಿಸಿಕೊಡುತ್ತೇವೆ. ಮೊಬೈಲು ತನ್ನಿ. ಅಂದು ಪಂದ್ಯವಿದ್ದರೆ ಚಿಂತೆಯಿಲ್ಲ, ಸ್ಕೋರು ನಾವೇ ಹೇಳುತ್ತೇವೆ.