ಆದೋನಿಯಲ್ಲಿ ಸೈಟ್ ಕೊಳ್ಳುವ ಮುನ್ನ ನೀರಿನ ಲೆಕ್ಕ ನೋಡಿ

ವ್ಯಾಪಾರಕ್ಕೆಂದು ಘಟ್ಟ ಹತ್ತುವ ನಮ್ಮ ಯುವಕರಿಗೆ ಆಂಧ್ರದ ಆದೋನಿ ಪರವೂರು ಅನಿಸೋದಿಲ್ಲ. ದೊಡ್ಡ ಹತ್ತಿ ಮಾರುಕಟ್ಟೆ, ಮುಂಬೈ-ಚೆನ್ನೈ ರೈಲು ಮಾರ್ಗ, 17ನೇ ಶತಮಾನದ ಜಾಮಿಯಾ ಮಸೀದಿ ಎಲ್ಲವೂ ಇವೆ. ಅಂಗಡಿಯಲ್ಲಿ ತೆಲುಗು, ಉರ್ದು ಜೊತೆ ಕನ್ನಡವೂ ನಡೆಯುತ್ತದೆ. ಬಾಡಿಗೆಗಿದ್ದು ದುಡಿಯೋದಕ್ಕೆ ಇಷ್ಟು ಸಾಕು. ಊರಂಚಿನ ಲೇಔಟ್‌ನಲ್ಲಿ ಮನೆ ಕಟ್ಟಿ ಹೆಂಡತಿ-ಮಕ್ಕಳನ್ನು ಕರೆಸಿಕೊಳ್ಳುವ ಲೆಕ್ಕವೇ ಬೇರೆ.

ಇಲ್ಲಿನ ಕುಡಿಯುವ ನೀರಿಗೆ ತುಂಗಭದ್ರಾ ಕೆಳಮಟ್ಟದ ಕಾಲುವೆಯೇ ಆಧಾರ. ಅದು ಹೊಸಪೇಟೆಯಿಂದ ಹೊರಟು ಬಳ್ಳಾರಿ ಜಿಲ್ಲೆ ದಾಟಿ ಬರಬೇಕು. ಕಾಲುವೆ ನಿಂತರೆ ಬಸಲದೊಡ್ಡಿ ಕೆರೆಯಲ್ಲಿ ತುಂಬಿಟ್ಟ ನೀರೇ ಗತಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಅದು ಹೊಸಪೇಟೆಯ ಸುದ್ದಿ ಮಾತ್ರ ಆಗಿರಲಿಲ್ಲ. ಪಶ್ಚಿಮ ಕರ್ನೂಲಿನ ಹಳ್ಳಿಗಳ ಜನ ಮೆಣಸಿನಕಾಯಿ ಬಿಡಿಸೋಕೆ ಗುಂಟೂರಿಗೆ ಗುಳೆ ಹೋಗುವುದೂ ಸುಮ್ಮನೆ ಅಲ್ಲ.

ಸ್ಟೇಷನ್‌ಗೆ ಎಷ್ಟು ದೂರ ಅಂತ ಬ್ರೋಕರ್ ಹೇಳ್ತಾನೆ, ಟ್ಯಾಂಕರ್ ಖರ್ಚು ಹೇಳೋದಿಲ್ಲ. ಡಿಟಿಸಿಪಿ ಅನುಮೋದನೆ ಇದೆಯೇ, ನಗರಸಭೆಯ ಪೈಪು ಆ ಬೀದಿಗೆ ಬಂದಿದೆಯೇ ಅಂತ ನೀವೇ ವಿಚಾರಿಸಿ. ಸೈಟ್ ನೋಡೋಕೆ ಮಳೆಗಾಲದಲ್ಲಿ ಹೋಗಬೇಡಿ, ಮೇ ತಿಂಗಳಲ್ಲಿ ಹೋಗಿ. ಅಕ್ಕಪಕ್ಕದ ಮನೆಯವರನ್ನು ಒಂದೇ ಮಾತು ಕೇಳಿ: ನೀರು ಎಷ್ಟು ದಿನಕ್ಕೊಮ್ಮೆ?