ಬೆಳಕಿನ ಜಮಾ-ಖರ್ಚು

ಮಕ್ಕಳೇ, ಮಕ್ಕಳ ಅಜ್ಜ-ಅಜ್ಜಿಯರೇ, ಈ ವಾರ ಲೆಕ್ಕದ ಪಾಠ. ಹೆದರಬೇಡಿ, ಅಂಕ ಕೊಡುವವರು ಯಾರೂ ಇಲ್ಲ. ಲೆಕ್ಕ ಸರಿಯಾದರೆ ಹಕ್ಕಿ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಲೆಡ್ಜರ್ ಬರೆಯುತ್ತಲೇ ನಿವೃತ್ತನಾದವನು ನಾನು. ಎಪ್ಪತ್ತು ದಾಟಿದ ಮೇಲೆ ಕ್ಯಾಮೆರಾ ಕೈಗೆ ಬಂತು. ದಾಂಡೇಲಿಯಲ್ಲಿರುವವರಿಗೆ ಹಕ್ಕಿಗಳ ಬರವಿಲ್ಲ. ಮಂಗಟ್ಟೆ, ಅಂದರೆ ಹಾರ್ನ್‌ಬಿಲ್‌ಗಳಲ್ಲೇ ನಾಲ್ಕು ಬಗೆ ಇಲ್ಲಿವೆ. ಕಾಳಿ ನದಿಯ ಆಸುಪಾಸಿನ ಕಾಡನ್ನು 2011ರಲ್ಲಿ ಸರ್ಕಾರ ಅವುಗಳ ಹೆಸರಿನಲ್ಲೇ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು.

ಕ್ಯಾಮೆರಾದ ಒಳಗೆ ಬೆಳಕಿಗೆ ಮೂರು ಖಾತೆಗಳಿವೆ. ಮೊದಲನೆಯದು ಅಪರ್ಚರ್, ಲೆನ್ಸಿನ ಕಿಟಕಿ ಎಷ್ಟು ತೆರೆದಿದೆ ಎಂಬುದು. ಎರಡನೆಯದು ಶಟರ್, ಆ ಕಿಟಕಿಯಿಂದ ಬೆಳಕು ಎಷ್ಟು ಹೊತ್ತು ಒಳಗೆ ಬರುತ್ತದೆ ಎಂಬುದು. ಮೂರನೆಯದು ಐಎಸ್‌ಓ, ಬಂದ ಬೆಳಕನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬುದು. ಪ್ರತಿ ಖಾತೆಯಲ್ಲೂ ಒಂದು ಮೆಟ್ಟಿಲು ಹತ್ತಿದರೆ ಬೆಳಕು ಎರಡರಷ್ಟು, ಇಳಿದರೆ ಅರ್ಧ. ಈ ಮೆಟ್ಟಿಲಿಗೆ ಫೋಟೊದವರು ‘ಸ್ಟಾಪ್’ ಎನ್ನುತ್ತಾರೆ.

ಅಪರ್ಚರ್ ಸಂಖ್ಯೆ ಮಾತ್ರ ತಲೆಕೆಳಗು. 4, 5.6, 8, 11, 16 ಎಂದು ಸಂಖ್ಯೆ ದೊಡ್ಡದಾದಂತೆ ಕಿಟಕಿ ಚಿಕ್ಕದಾಗುತ್ತದೆ. ಯಾಕೆಂದರೆ ಇದು ಭಿನ್ನರಾಶಿಯ ಕೆಳಗಿನ ಅಂಕಿ. ಕಾಲು ಹೋಳಿಗೆ ದೊಡ್ಡದೋ, ಎಂಟನೇ ಒಂದು ಹೋಳಿಗೆ ದೊಡ್ಡದೋ ಎಂದು ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಇನ್ನು 4 ಆದಮೇಲೆ 5.6 ಯಾಕೆ? 4ರ ವರ್ಗ 16, 5.6ರ ವರ್ಗ ಸುಮಾರು 32, 8ರ ವರ್ಗ 64. ಪ್ರತಿ ಸಲವೂ ದುಪ್ಪಟ್ಟು. ಗುಟ್ಟು ಅಲ್ಲಿದೆ.

ಹಳೆಯ ಛಾಯಾಗ್ರಾಹಕರ ಒಂದು ಬಾಯಿಲೆಕ್ಕವಿದೆ. ಚುರುಕು ಬಿಸಿಲಿನಲ್ಲಿ ಅಪರ್ಚರ್ 16 ಇಟ್ಟರೆ, ಐಎಸ್‌ಓ 100ಕ್ಕೆ ಶಟರ್ ಸೆಕೆಂಡಿನ ನೂರನೇ ಒಂದು ಭಾಗ ಇರಬೇಕು. ಆದರೆ ಅಷ್ಟು ಹೊತ್ತಿನಲ್ಲಿ ಹಾರುವ ಹಕ್ಕಿಯ ರೆಕ್ಕೆ ಮಸುಕಾಗುತ್ತದೆ. ಹಾಗಾಗಿ ಅಪರ್ಚರನ್ನು 16ರಿಂದ 5.6ಕ್ಕೆ, ಅಂದರೆ ಮೂರು ಸ್ಟಾಪ್ ತೆರೆಯಿರಿ. ಅಲ್ಲಿ ಜಮಾ ಆದದ್ದನ್ನು ಶಟರಿನಲ್ಲಿ ಖರ್ಚು ಹಾಕಿ: 200, 400, 800. ಸೆಕೆಂಡಿನ ಎಂಟುನೂರನೇ ಒಂದು ಭಾಗ ಸಿಕ್ಕಿತು! ಬೆಳಕು ಅಷ್ಟೇ, ಲೆಡ್ಜರ್ ತಾಳೆಯಾಯಿತು.

ಫಿಲ್ಮಿನ ಕಾಲದಲ್ಲಿ ಈ ಲೆಕ್ಕ ಇನ್ನೂ ಬಿಗಿ. ಒಂದು ರೋಲಿಗೆ 36 ಚಿತ್ರ, ರೋಲು ಮುಗಿಯುವವರೆಗೂ ಒಂದೇ ಐಎಸ್‌ಓ, ತೊಳೆದು ಬರುವವರೆಗೆ ಫಲಿತಾಂಶವಿಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಅಂಥ ಫಿಲ್ಮಿನಲ್ಲಿ ಹಕ್ಕಿಗಳ ಚಿತ್ರ ತೆಗೆದವರು. ಈಗಿನವರಿಗೆ ಹಿಂದಿರುವ ಪರದೆಯಲ್ಲಿ ಕೂಡಲೇ ಉತ್ತರ ಸಿಗುತ್ತದೆ. ಕಲಿಯಲು ಇದಕ್ಕಿಂತ ಅನುಕೂಲ ಬೇಕೆ?

ರಜೆಗೆ ಬಂದ ಮೊಮ್ಮಗಳು ಹಳಿಯಾಳದ ಗದ್ದೆಯ ಬದಿಯಲ್ಲಿ ತಂತಿಯ ಮೇಲೆ ಕೂತ ಕಾಜಾಣದ ಚಿತ್ರ ತೆಗೆದಳು. ನೋಡಿ ಕೇಳಿದಳು: “ಅಜ್ಜಾ, ಆಕಾಶ ಛಲೋ ಬಂದೈತಿ. ಹಕ್ಕಿ ಯಾಕ ಮಸಿ ಬಳದಂಗ ಆಗೈತಿ?”

ಒಳ್ಳೆಯ ಪ್ರಶ್ನೆ. ಕ್ಯಾಮೆರಾಕ್ಕೆ ಹಕ್ಕಿ ಯಾವುದು, ಆಕಾಶ ಯಾವುದು ಗೊತ್ತಿಲ್ಲ. ತನ್ನ ಮುಂದಿರುವುದೆಲ್ಲ ಸರಾಸರಿಯಲ್ಲಿ ಬೂದು ಬಣ್ಣ ಎಂದೇ ಅದು ನಂಬುತ್ತದೆ. ಹೊಳೆಯುವ ಆಕಾಶ ಕಂಡರೆ ‘ಬೆಳಕು ಜಾಸ್ತಿಯಾಯಿತು’ ಎಂದು ತಗ್ಗಿಸುತ್ತದೆ, ಜೊತೆಗೆ ಹಕ್ಕಿಯೂ ಕಪ್ಪಾಗುತ್ತದೆ. ಆಗ ಕ್ಯಾಮೆರಾದಲ್ಲಿ ಪ್ಲಸ್-ಮೈನಸ್ ಗುರುತಿರುವ ಗುಂಡಿಯನ್ನು ಪ್ಲಸ್ ಕಡೆಗೆ ಒಂದೆರಡು ಸ್ಟಾಪ್ ತಿರುಗಿಸಬೇಕು. ಮುಂಡಗೋಡಿನ ಅತ್ತಿವೇರಿ ಪಕ್ಷಿಧಾಮದಲ್ಲಿ ಇದರ ಉಲ್ಟಾ. ಕಪ್ಪನೆಯ ಮರಗಳ ಮುಂದೆ ಒಂದೇ ಒಂದು ಬೆಳ್ಳಕ್ಕಿ ಕೂತಿದ್ದರೆ ಕ್ಯಾಮೆರಾ ‘ಕತ್ತಲೆ’ ಎಂದುಕೊಂಡು ಬೆಳಕು ಏರಿಸುತ್ತದೆ. ಬಿಳಿ ಗರಿಗಳು ಸುಣ್ಣ ಬಳಿದ ಗೋಡೆಯಂತಾಗುತ್ತವೆ. ಅಲ್ಲಿ ಮೈನಸ್.

ಮಲಬಾರ್ ಮಂಗಟ್ಟೆಯದು ಇನ್ನೂ ಕಷ್ಟದ ಲೆಕ್ಕ. ಬೆನ್ನು ಕಪ್ಪು, ಹೊಟ್ಟೆ ಬಿಳುಪು. ಬಿಳಿಯನ್ನು ಉಳಿಸಿಕೊಳ್ಳಿ ಎನ್ನುವುದು ನನ್ನ ಸಲಹೆ. ಕಪ್ಪನ್ನು ಆಮೇಲೆ ಕಂಪ್ಯೂಟರಿನಲ್ಲಿ ಸ್ವಲ್ಪ ಮೇಲೆತ್ತಬಹುದು. ಸುಟ್ಟುಹೋದ ಬಿಳಿಯಲ್ಲಿ ಎತ್ತಲು ಏನೂ ಉಳಿದಿರುವುದಿಲ್ಲ.

ಜೋಯಿಡಾದ ಕಾಡಿಗೆ ಹೋದರೆ ಬೆಳಕಿಗೇ ಬಡತನ. ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್ ಬಳಿ ನೀರು ಕುಡಿಯಲು ಬರುವ ಕೆಂಪು ಗಂಟಲಿನ ಹಳದಿ ಪಿಕಳಾರವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅಂಥ ನೆರಳಿನಲ್ಲಿ ಅದೇ 5.6 ಅಪರ್ಚರಿಗೆ ಶಟರ್ 200ನೇ ಒಂದು ಭಾಗ, ಐಎಸ್‌ಓ 3200 ಬೇಕಾಯಿತು ಎನ್ನಿ. ಶಟರಿನಲ್ಲಿ ಎರಡು ಸ್ಟಾಪ್, ಐಎಸ್‌ಓದಲ್ಲಿ ಐದು, ಒಟ್ಟು ಏಳು. ಎರಡನ್ನು ಏಳು ಸಲ ಗುಣಿಸಿದರೆ 128. ಬಯಲಿನ ಬಿಸಿಲಿಗಿಂತ ಅಲ್ಲಿ ಬೆಳಕು 128 ಪಟ್ಟು ಕಡಿಮೆ!

ಐಎಸ್‌ಓ ಏರಿಸಿದರೆ ಚಿತ್ರದಲ್ಲಿ ರವೆಯಂತೆ ಚುಕ್ಕೆಗಳು ಏಳುತ್ತವೆ. ಏಳಲಿ ಬಿಡಿ. ಫ್ಲ್ಯಾಷ್ ಮಾತ್ರ ಹಾಕಬೇಡಿ, ಅದರಲ್ಲೂ ಗೂಡಿನ ಹತ್ತಿರ. ಹೆಣ್ಣು ಮಂಗಟ್ಟೆ ಮೊಟ್ಟೆಯಿಡುವಾಗ ಮರದ ಪೊಟರೆಯೊಳಗೆ ಕೂತು, ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು. ವಾರಗಟ್ಟಲೆ ಅದರ ಊಟವೆಲ್ಲ ಗಂಡು ತಂದುಕೊಡುವ ಹಣ್ಣು-ಹುಳುಗಳೇ. ಮರದ ಕೆಳಗೆ ನಾವು ಕ್ಯಾಮೆರಾ ಹಿಡಿದು ಗುಂಪುಗಟ್ಟಿದರೆ ಗಂಡು ಬೆದರಿ, ಹಣ್ಣು ಕೊಡದೆ ಹಾರಿಹೋಗಬಹುದು. ಚಿತ್ರ ತಪ್ಪಿದರೆ ನಮಗೆ ನಷ್ಟವೇನು? ಊಟ ತಪ್ಪಿದರೆ ಮರಿಗೆ ಎಲ್ಲವೂ ನಷ್ಟ. ಗೂಡು ಕಂಡರೆ ದೂರದಿಂದ ಕಣ್ತುಂಬ ನೋಡಿ, ಮುಂದೆ ನಡೆಯಿರಿ.

ನನ್ನ ವಯಸ್ಸಿನವರಿಗೆ ಇನ್ನೊಂದು ಮಾತು. 300 ಮಿ.ಮೀ. ಲೆನ್ಸಿಗೆ ಶಟರ್ ಕನಿಷ್ಠ 300ನೇ ಒಂದು ಭಾಗ ಇರಲಿ ಎನ್ನುವುದು ರೂಢಿ. ಕೈ ನಡುಗುವವರು 600 ಇಟ್ಟುಕೊಳ್ಳಿ. ಬಟ್ಟೆಚೀಲದಲ್ಲಿ ಎರಡು ಸೇರು ಅಕ್ಕಿ ತುಂಬಿ, ಕಾಂಪೌಂಡ್ ಗೋಡೆಯ ಮೇಲಿಟ್ಟು, ಅದರ ಮೇಲೆ ಲೆನ್ಸ್ ಊರಿದರೆ ಇನ್ನೂ ಒಳ್ಳೆಯದು. ಆಮೇಲೆ ಅಕ್ಕಿಯನ್ನು ಡಬ್ಬಿಗೆ ವಾಪಸ್ ಹಾಕಿ, ಅಜ್ಜಿಯ ಲೆಕ್ಕವೂ ತಾಳೆಯಾಗಬೇಕಲ್ಲ!

ಮನೆಗೆಲಸ: ಮಾಳಿಗೆಯ ಮೇಲೆ ಬರುವ ಕಾಗೆಯದು ಮೂರು ಚಿತ್ರ ತೆಗೆಯಿರಿ. ಒಂದು ಸೊನ್ನೆಯಲ್ಲಿ, ಒಂದು ಪ್ಲಸ್ ಒಂದರಲ್ಲಿ, ಒಂದು ಮೈನಸ್ ಒಂದರಲ್ಲಿ. ಮೊಬೈಲಿನಲ್ಲಾದರೂ ಸರಿ. ಯಾವುದರಲ್ಲಿ ಕಾಗೆಯ ಕಣ್ಣು ಕಾಣುತ್ತದೆ, ಯಾಕೆ ಕಾಣುತ್ತದೆ ಎಂದು ಮೊಮ್ಮಕ್ಕಳು ಅಜ್ಜ-ಅಜ್ಜಿಗೆ ವಿವರಿಸಬೇಕು. ಅಜ್ಜ-ಅಜ್ಜಿ ಪೂರಾ ಕೇಳಿಸಿಕೊಳ್ಳಬೇಕು.